ಹಳೆಯ ಅಂಬಾಸಡರ್ ಎಂಜಿನ್ನಿಗೆ ಬೋಲ್ಟು, ನಟ್ಟು, ವಾಷರು: ಎಸ್‌ಜೆಪಿ ರಸ್ತೆಯ ಸರಕಿನ ವಿಮರ್ಶೆ

ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಇಂಚಿನ ಅಳತೆಯ ಬೋಲ್ಟುಗಳನ್ನು ಇಂದಿಗೂ ಬಿಡಿಯಾಗಿ ಮಾರುವ ಹಳೆಯ ಅಂಗಡಿಯೊಂದರಿಂದ, 1489 ಸಿಸಿ ಪೆಟ್ರೋಲ್ ಅಂಬಾಸಡರ್ ಎಂಜಿನ್ನಿನ ಪೂರ್ಣ ಓವರ್‌ಹಾಲಿಗೆ ಬೇಕಾದ ಬೋಲ್ಟು, ನಟ್ಟು, ವಾಷರುಗಳನ್ನು ಕೊಂಡು, ಜೋಡಿಸಿ, ಎಂಜಿನ್ನನ್ನು ಓಡಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅವುಗಳ ಜೊತೆಗೆ ಬಳಸಿದ ಲಾಕ್‌ಟೈಟ್ 243 ಅಂಟು, ಎರಡು ಹೋಳಿನ ವೆಜ್ ವಾಷರು ಮತ್ತು ಕಿವಿ ಮಡಚುವ ಲಾಕ್ ವಾಷರುಗಳ ಬಗ್ಗೆಯೂ ನನ್ನ ಅಭಿಪ್ರಾಯವನ್ನು ಇಲ್ಲಿ ಸೇರಿಸಿದ್ದೇನೆ. ತೀರ್ಪನ್ನು ಮೊದಲೇ ಹೇಳುವುದಾದರೆ, ಆ ಅಂಗಡಿಯ ಇಂಚಿನ ಬೋಲ್ಟುಗಳು ಮತ್ತು ನಟ್ಟುಗಳು ನಿಸ್ಸಂಶಯವಾಗಿ ಕೊಳ್ಳಲು ಯೋಗ್ಯವಾಗಿವೆ. ಅಲ್ಲಿನ ಚಪ್ಪಟೆ ವಾಷರುಗಳು ಮತ್ತು ಗುರುತಿಲ್ಲದ ಸ್ಟಡ್‌ಗಳು (ತಲೆಯಿಲ್ಲದೆ ಎರಡೂ ತುದಿಯಲ್ಲಿ ಥ್ರೆಡ್ಡು, ಅಂದರೆ ತಿರುಪಿನ ಸುತ್ತು, ಇರುವ ಬೋಲ್ಟುಗಳು) ಎಂಜಿನ್ನಿನ ಮುಖ್ಯ ಜಾಗಗಳಿಗೆ ಸಲ್ಲುವುದಿಲ್ಲ.

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 1950ರ ದಶಕದ ಕೊನೆಯಿಂದ 2014ರವರೆಗೆ ಹೊರಬಂದ ಅಂಬಾಸಡರ್ ಕಾರಿನ ಈ ಎಂಜಿನ್ನು ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಗೆ ಸೇರಿದ್ದು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದೇ 1489 ಸಿಸಿ ಎಂಜಿನ್ನು. ಅದರ ನಂತರ ಬಂದ ಎಂಜಿಬಿಯ ಎಂಜಿನ್ನು ಇದರದೇ ದೊಡ್ಡ ರೂಪ. ಈ ಸಂಬಂಧ ತಿಳಿದಿದ್ದರೆ ಬಿಡಿಭಾಗ ಹುಡುಕುವವರಿಗೆ ದೊಡ್ಡ ಉಪಕಾರವಾಗುತ್ತದೆ, ಏಕೆಂದರೆ ಅಂಬಾಸಡರ್ ಹೆಸರಿನಲ್ಲಿ ಸಿಗದ ಮಾಹಿತಿ ಎಂಜಿ ಕಾರುಗಳ ಹೆಸರಿನಲ್ಲಿ ಧಾರಾಳವಾಗಿ ಸಿಗುತ್ತದೆ. ಈ ಸರಣಿಯ ಬೋಲ್ಟುಗಳಲ್ಲಿ ಬಹುಪಾಲು ಯುಎನ್‌ಎಫ್ ಥ್ರೆಡ್ಡಿನವು. ಅಮೆರಿಕ, ಬ್ರಿಟನ್ ಮತ್ತು ಕೆನಡಾ ದೇಶಗಳು 1948ರಲ್ಲಿ ಒಪ್ಪಿಕೊಂಡ ಏಕೀಕೃತ ಪದ್ಧತಿಯ ನಯವಾದ, ಅಂದರೆ ಸುತ್ತುಗಳು ಒತ್ತೊತ್ತಾಗಿರುವ ಥ್ರೆಡ್ ಇದು. ಅದೇ ಪದ್ಧತಿಯಲ್ಲಿ ಸುತ್ತುಗಳು ವಿರಳವಾಗಿರುವುದು ಯುಎನ್‌ಸಿ. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ 1841ರಷ್ಟು ಹಳೆಯದಾದ ವಿಟ್‌ವರ್ತ್ ಪದ್ಧತಿ ಮತ್ತು ಬಿಎಸ್‌ಎಫ್‌ನಂಥ ಅದರ ಸಂತಾನಗಳು ಚಾಲ್ತಿಯಲ್ಲಿದ್ದವು.

ಕೊಳ್ಳುವಾಗ ಎದುರಾಗುವ ಮೊದಲ ಅಪಾಯ ಈ ಥ್ರೆಡ್ಡುಗಳ ಹೋಲಿಕೆಯದ್ದು. 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿ.ಮೀ., ಅಂದರೆ 8 ಮಿ.ಮೀ. ವ್ಯಾಸದ ಮೆಟ್ರಿಕ್ ಎಂ8 ಬೋಲ್ಟಿಗೂ ಅದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಸಾಮಾನ್ಯ ಎಂ8 ಬೋಲ್ಟಿನ ಪಿಚ್ (ಎರಡು ಸುತ್ತುಗಳ ನಡುವಿನ ಅಂತರ) 1.25 ಮಿ.ಮೀ. ಆದ್ದರಿಂದ ಅದು ಬೇಗನೆ ಸಿಕ್ಕಿಕೊಂಡು ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತದೆ. ಆದರೆ 1 ಮಿ.ಮೀ. ಪಿಚ್ಚಿನ ನಯವಾದ ಎಂ8 ಥ್ರೆಡ್ಡು, ಇಂಚಿಗೆ 24 ಸುತ್ತಿನ 5/16 ಯುಎನ್‌ಎಫ್ ಜೊತೆ ಮೊದಲ ಕೆಲವು ಸುತ್ತು ಹೊಂದಿಕೊಂಡಂತೆ ನಟಿಸಿ, ಆಮೇಲೆ ಬಿಗಿಯಾಗಿ, ಸ್ಪ್ಯಾನರಿನ ಬಲಕ್ಕೆ ಥ್ರೆಡ್ಡನ್ನೇ ಕಿತ್ತು ಒಳಗೆ ಹೋಗುತ್ತದೆ. ಬಿಗಿಯಾಯಿತೆಂಬ ಭಾವನೆ ಕೈಗೆ ಬರುವುದು ಇಲ್ಲಿ ಥ್ರೆಡ್ಡು ಹಾಳಾಗುತ್ತಿರುವುದರಿಂದ. ಹಾಗೆಯೇ 3/8 ಇಂಚಿನ ವಿಟ್‌ವರ್ತ್ ಮತ್ತು ಯುಎನ್‌ಸಿ ಎರಡರಲ್ಲೂ ಇಂಚಿಗೆ 16 ಸುತ್ತುಗಳೇ ಇದ್ದರೂ ಒಂದರ ಕೋನ 55 ಡಿಗ್ರಿ, ಇನ್ನೊಂದರದು 60 ಡಿಗ್ರಿ. ಹೊಂದಿಕೊಂಡರೂ ಪೂರ್ಣವಾಗಿ ತಾಗಿ ಕೂರುವುದಿಲ್ಲ. ಐವತ್ತು ವರ್ಷಗಳಲ್ಲಿ ಹತ್ತಾರು ಕೈಗಳು ಬಿಚ್ಚಿ ಹಾಕಿದ ಎಂಜಿನ್ನಿನಲ್ಲಿ ಯಾವ ರಂಧ್ರದಲ್ಲಿ ಯಾವ ಬೋಲ್ಟು ಸೇರಿಕೊಂಡಿದೆ ಎಂಬುದಕ್ಕೆ ಖಾತ್ರಿಯಿಲ್ಲ. ಆದ್ದರಿಂದ ಹಳೆಯ ಬೋಲ್ಟನ್ನು ಮಾದರಿಯೆಂದು ನಂಬುವ ಮೊದಲು ಅದನ್ನೂ ರಂಧ್ರವನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಈ ವಿಷಯದಲ್ಲಿ ಅಂಗಡಿಯವರ ನಡವಳಿಕೆ ನನಗೆ ಬಹಳ ಮೆಚ್ಚುಗೆಯಾಯಿತು. ಕೌಂಟರಿನಲ್ಲಿ ಥ್ರೆಡ್ ಗೇಜು ಸದಾ ಇರುತ್ತದೆ. ಕೈಯಲ್ಲಿ ಹಿಡಿದು ನೋಡಿ ಅಂದಾಜಿನ ಮೇಲೆ ಕೊಡುವ ಪರಿಪಾಠ ಅಲ್ಲಿಲ್ಲ. ಯುಎನ್‌ಎಫ್, ಯುಎನ್‌ಸಿ, ಬಿಎಸ್‌ಎಫ್ ಸರಕುಗಳನ್ನು ಪ್ರತ್ಯೇಕ ಡಬ್ಬಗಳಲ್ಲಿ ಇಟ್ಟಿದ್ದಾರೆ. ಗ್ರಾಹಕನ ಮಾದರಿ ಬೋಲ್ಟಿಗೆ ಹೊಸ ನಟ್ಟನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ ತೋರಿಸಿದ ಮೇಲೆಯೇ ಪೊಟ್ಟಣ ಕಟ್ಟುತ್ತಾರೆ. ಎರಡೇ ಎರಡು ಬೋಲ್ಟು ಕೇಳಿದವನಿಗೂ ಇದೇ ಗಮನ ಸಿಗುತ್ತದೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಎರಡನೆಯ ಪ್ರಶ್ನೆ ಬಲದ್ದು. ಬೋಲ್ಟಿನ ತಲೆಯ ಮೇಲಿನ ಗುರುತನ್ನು ಓದಲು ಬಾರದವರು ಎಂಜಿನ್ನಿಗೆ ಬೋಲ್ಟು ಕೊಳ್ಳಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ. ಅಮೆರಿಕದ ಎಸ್‌ಎಇ ಪದ್ಧತಿಯಲ್ಲಿ ಮೂರು ಗೆರೆಗಳಿದ್ದರೆ ಗ್ರೇಡ್ 5, ಆರು ಗೆರೆಗಳಿದ್ದರೆ ಗ್ರೇಡ್ 8. ಗೆರೆಯೇ ಇಲ್ಲದ್ದು ಸಾಧಾರಣ ಕಬ್ಬಿಣದ ಕೆಲಸಕ್ಕೆ ಮಾತ್ರ. ಮೆಟ್ರಿಕ್ ಬೋಲ್ಟಿನ 8.8 ಎಂಬ ಗುರುತಿನಲ್ಲಿ ಮೊದಲ ಅಂಕಿ ಸುಮಾರು 800 ಮೆಗಾಪಾಸ್ಕಲ್ ಎಳೆತ ಬಲವನ್ನೂ, ಎರಡನೆಯದು ಅದರ ಶೇಕಡಾ 80ರಷ್ಟರಲ್ಲಿ ಬೋಲ್ಟು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ ಎಂಬುದನ್ನೂ ಹೇಳುತ್ತದೆ. ಗ್ರೇಡ್ 5 ಹೆಚ್ಚುಕಡಿಮೆ 8.8ಕ್ಕೂ, ಗ್ರೇಡ್ 8 ಹೆಚ್ಚುಕಡಿಮೆ 10.9ಕ್ಕೂ ಸಮ. ಹಳೆಯ ಬ್ರಿಟಿಷ್ ಬೋಲ್ಟುಗಳ ತಲೆಯ ಮೇಲೆ ಗೆರೆಗಳಿಗೆ ಬದಲಾಗಿ ಆರ್, ಎಸ್, ಟಿ ಎಂಬ ಅಕ್ಷರಗಳು ಕಾಣುತ್ತವೆ. ಅಕ್ಷರ ಮುಂದೆ ಹೋದಂತೆ ಬಲ ಹೆಚ್ಚು. ನಾನು ಕೊಂಡ ಗ್ರೇಡ್ 5 ಮತ್ತು ಗ್ರೇಡ್ 8 ಬೋಲ್ಟುಗಳ ಎಲ್ಲ ತಲೆಗಳ ಮೇಲೂ ಗೆರೆಗಳ ಜೊತೆಗೆ ತಯಾರಕರ ಗುರುತು ಸ್ಪಷ್ಟವಾಗಿ ಮೂಡಿತ್ತು. ತಯಾರಕರ ಗುರುತಿಲ್ಲದೆ ಬರೀ ಗೆರೆಗಳಿರುವ ಬೋಲ್ಟಿಗೆ ಜವಾಬ್ದಾರರು ಯಾರೂ ಇರುವುದಿಲ್ಲ.

ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳನ್ನು ಹಳೆಯ ಕಾರಿನ ಎಂಜಿನ್ನಿಗೆ ಹಾಕುವ ಆಸೆ ಅನೇಕರಿಗಿದೆ. ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಸುಮಾರು 450 ಮೆಗಾಪಾಸ್ಕಲ್ಲಿಗೇ ಹಿಗ್ಗಲು ತೊಡಗುತ್ತದೆ, ಆದರೆ 8.8 ಬೋಲ್ಟು 640ರವರೆಗೆ ತಡೆಯುತ್ತದೆ. ಅದಲ್ಲದೆ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಉಜ್ಜಿ ಹಿಡಿದುಕೊಂಡರೆ ಕತ್ತರಿಸದೆ ಬಿಚ್ಚಲಾಗುವುದಿಲ್ಲ. ಟಪೆಟ್ ಕವರಿನ ಮೇಲೆ ಬೇಕಾದರೆ ಇರಲಿ. ತಿರುಗುವ ಭಾಗಗಳ ಹತ್ತಿರ ಬೇಡ. ಇದೇ ಆಸೆಯ ಇನ್ನೊಂದು ರೂಪವೆಂದರೆ ಹಳೆಯ ಗಟ್ಟಿ ಬೋಲ್ಟುಗಳನ್ನು ಸತುವಿನ ಅಥವಾ ಕ್ರೋಮಿಯಂ ಲೇಪನಕ್ಕೆ ಕೊಡುವುದು. ಆಮ್ಲದ ತೊಳೆತ ಮತ್ತು ವಿದ್ಯುತ್ ಲೇಪನದ ಹೊತ್ತಿನಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. 12.9ರಂಥ ಅತಿ ಗಟ್ಟಿ ಬೋಲ್ಟು ಬಿಗಿದ ಮೇಲೆ ಗಂಟೆಗಳೋ ದಿನಗಳೋ ಕಳೆದು, ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುವುದಕ್ಕೆ ಇದೇ ಕಾರಣ. ಲೇಪನವಾದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹಲವು ಗಂಟೆ ಕಾಯಿಸಿದರೆ ಅಪಾಯ ಕಡಿಮೆಯಾಗುತ್ತದೆ. ಅಲಂಕಾರದ ಕೆಲಸಕ್ಕೆ ಹೆಸರಾದ ಲೇಪನದ ಅಂಗಡಿಗಳಲ್ಲಿ ಆ ಏರ್ಪಾಡು ಇದೆಯೇ ಎಂದು ಕೇಳಿಯೇ ಕೊಡಬೇಕು. ನಾನು ಎಂಜಿನ್ನಿನೊಳಗಿನ ಬೋಲ್ಟುಗಳಿಗೆ ಕಪ್ಪು ಆಕ್ಸೈಡಿನ ಸರಕನ್ನೇ ಆರಿಸಿದೆ. ಎಣ್ಣೆಯಲ್ಲಿ ಮುಳುಗಿರುವ ಭಾಗಕ್ಕೆ ತುಕ್ಕಿನ ಭಯವಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಬಿಗಿದ ಬೋಲ್ಟು ಎಂದರೆ ಎಳೆದು ಹಿಡಿದ ಸ್ಪ್ರಿಂಗು. ಅದು ಹಿಗ್ಗಿರುವುದರಿಂದಲೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ, ಆ ಒತ್ತಡ ಇರುವವರೆಗೆ ಭಾಗಗಳು ಜಾರುವುದಿಲ್ಲ, ಭಾಗಗಳು ಜಾರದಿರುವವರೆಗೆ ಬೋಲ್ಟು ಸಡಿಲವಾಗುವುದಿಲ್ಲ. ಲೆಕ್ಕ ಹಾಕಿ ನೋಡಿ: 3/8 ಯುಎನ್‌ಎಫ್ ಗ್ರೇಡ್ 8 ಬೋಲ್ಟು ತಾಳಿಕೊಳ್ಳುವ ಪ್ರಮಾಣಿತ ಎಳೆತ ಸುಮಾರು 47 ಕಿಲೋನ್ಯೂಟನ್. ಅದರ ಮುಕ್ಕಾಲು ಪಾಲು, ಅಂದರೆ 35 ಕಿಲೋನ್ಯೂಟನ್ ಎಳೆತ ಕೊಟ್ಟರೆ 100 ಮಿ.ಮೀ. ಉದ್ದದ ಬೋಲ್ಟು ಸುಮಾರು ಕಾಲು ಮಿ.ಮೀ. ಹಿಗ್ಗುತ್ತದೆ. ಅದೇ ಎಳೆತದಲ್ಲಿ 15 ಮಿ.ಮೀ. ಉದ್ದದ ಬೋಲ್ಟು ಹಿಗ್ಗುವುದು ಒಂದು ಮಿ.ಮೀ.ಯ ನೂರರಲ್ಲಿ ನಾಲ್ಕು ಭಾಗದಷ್ಟು ಮಾತ್ರ. ಬಣ್ಣ ಉಳಿದ ಮೇಲ್ಮೈ, ಮೆತ್ತಗಿನ ವಾಷರು, ಕುಗ್ಗುವ ಗ್ಯಾಸ್ಕೆಟ್, ಇವುಗಳಲ್ಲಿ ಯಾವುದೇ ಒಂದು ಅಷ್ಟು ತಗ್ಗಿದರೂ ಚಿಕ್ಕ ಬೋಲ್ಟಿನ ಬಿಗಿ ಪೂರ್ತಿ ಹೋಗುತ್ತದೆ, ಉದ್ದದ್ದರ ಬಿಗಿ ಬಹುಪಾಲು ಉಳಿಯುತ್ತದೆ. ಸಿಲಿಂಡರ್ ಹೆಡ್ಡಿನ ಉದ್ದದ ಸ್ಟಡ್‌ಗಳಿಗೆ ಯಾವ ಲಾಕೂ ಇಲ್ಲದೆ ಬರೀ ನಟ್ಟು ಮತ್ತು ಗಟ್ಟಿ ವಾಷರು ಸಾಕಾಗುವುದಕ್ಕೂ, ಫ್ಲೈವೀಲಿನ ಗಿಡ್ಡ ಬೋಲ್ಟುಗಳಿಗೆ ವಿಶೇಷ ಲಾಕು ಬೇಕಾಗುವುದಕ್ಕೂ ಕಾರಣ ಇಲ್ಲಿದೆ. ಎಲ್ಲಿ ಲಾಕು ಬೇಕು ಎಂಬುದನ್ನು ನಮ್ಮ ಭಯ ನಿರ್ಧರಿಸಬಾರದು. ಬೋಲ್ಟಿನ ಹಿಗ್ಗುವ ಉದ್ದ ನಿರ್ಧರಿಸಬೇಕು.

ನನ್ನ ದೊಡ್ಡ ದೂರು ಈ ಕಾರಣದಿಂದಲೇ ಅಂಗಡಿಯ ಚಪ್ಪಟೆ ವಾಷರುಗಳ ಮೇಲಿದೆ. ಅವು ತಗಡಿನಿಂದ ಒತ್ತಿ ತೆಗೆದ ಮೆತ್ತಗಿನ ವಾಷರುಗಳು. ಅರದಿಂದ ಅಂಚನ್ನು ಉಜ್ಜಿದರೆ ಸಲೀಸಾಗಿ ಸವೆಯುತ್ತವೆ. ಗ್ರೇಡ್ 8 ನಟ್ಟಿನಡಿಯಲ್ಲಿ ಬಿಗಿದು ಬಿಚ್ಚಿದಾಗ ತಟ್ಟೆಯಂತೆ ಬಗ್ಗಿ ಹೊರಬಂದವು. ಗಟ್ಟಿಗೊಳಿಸಿದ, ಉಜ್ಜಿ ಸಮಮಾಡಿದ ವಾಷರುಗಳನ್ನು ಅವರು ಇಡುವುದಿಲ್ಲ. ಹೆಡ್ ನಟ್ಟುಗಳಿಗೆ ಅಂಥವನ್ನು ಬೇರೆಡೆಯಿಂದ ತರಿಸಬೇಕಾಯಿತು. ಇಷ್ಟು ಒಳ್ಳೆಯ ಬೋಲ್ಟುಗಳನ್ನು ಮಾರುವವರು ಅವುಗಳ ಯೋಗ್ಯತೆಗೆ ತಕ್ಕ ವಾಷರನ್ನು ಇಡದಿರುವುದು ನಿಜವಾದ ಕೊರತೆ.

ಟಾರ್ಕ್ ರೆಂಚಿನ ಅಂಕಿಯನ್ನು ನಂಬುವವರು ಅದರ ಹಿಂದಿನ ಘರ್ಷಣೆಯನ್ನೂ ಗಮನಿಸಬೇಕು. ನಾವು ಹಾಕುವ ತಿರುಚು ಬಲದಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ಉಜ್ಜಾಟಕ್ಕೂ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಥ್ರೆಡ್ಡಿನ ಉಜ್ಜಾಟಕ್ಕೂ ಹೋಗಿ, ಹತ್ತರಲ್ಲಿ ಒಂದು ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಮೇಲೆ ಹೇಳಿದ 35 ಕಿಲೋನ್ಯೂಟನ್ ಎಳೆತವನ್ನು ಒಣ ಥ್ರೆಡ್ಡಿನಲ್ಲಿ ಪಡೆಯಲು ಸುಮಾರು 67 ನ್ಯೂಟನ್ ಮೀಟರ್ ಬೇಕಾದರೆ, ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಸುಮಾರು 50 ಸಾಕು. ಎಣ್ಣೆ ಹಚ್ಚಿದ ಬೋಲ್ಟಿಗೆ ಒಣ ಲೆಕ್ಕದ 67 ಹಾಕಿದರೆ ಎಳೆತ ನೇರವಾಗಿ 47 ಕಿಲೋನ್ಯೂಟನ್ನಿಗೆ, ಅಂದರೆ ಅದರ ಮಿತಿಯ ಅಂಚಿಗೆ ಮುಟ್ಟುತ್ತದೆ. ಆದ್ದರಿಂದ ಕೈಪಿಡಿಯ ಅಂಕಿ ಒಣ ಥ್ರೆಡ್ಡಿಗೋ ಎಣ್ಣೆಯ ಥ್ರೆಡ್ಡಿಗೋ ಎಂಬುದನ್ನು ತಿಳಿದುಕೊಂಡು, ಎಲ್ಲ ಬೋಲ್ಟುಗಳನ್ನೂ ಒಂದೇ ಸ್ಥಿತಿಯಲ್ಲಿ ಬಿಗಿಯಬೇಕು. ಆರಪಾರ ಹೋಗದ ಕುರುಡು ರಂಧ್ರದ ತಳದಲ್ಲಿ ಎಣ್ಣೆ ನಿಂತಿದ್ದರೆ ಅಪಾಯ ಇನ್ನೂ ದೊಡ್ಡದು. ಒಳಹೋಗುವ ಬೋಲ್ಟು ಆ ಎಣ್ಣೆಯನ್ನು ಒತ್ತಿ ಎರಕದ ಕಬ್ಬಿಣದ ಬ್ಲಾಕನ್ನೇ ಸೀಳಬಲ್ಲದು. ಪ್ರತಿ ರಂಧ್ರವನ್ನೂ ಗಾಳಿಯಿಂದ ಊದಿ ಬರಿದು ಮಾಡಿದ ಮೇಲೆಯೇ ಮುಂದಿನ ಕೆಲಸ.

ಸ್ಟಡ್‌ಗಳ ಬಗ್ಗೆ ನನ್ನ ತೀರ್ಪು ಕಟುವಾಗಿದೆ. ಅಂಗಡಿಯಲ್ಲಿ ಸರಿಯಾದ ಉದ್ದದ ಸ್ಟಡ್‌ಗಳು ಸಿಕ್ಕವಾದರೂ ಅವುಗಳ ಮೇಲೆ ದರ್ಜೆಯ ಗುರುತೇ ಇರಲಿಲ್ಲ. ಥ್ರೆಡ್ಡು ಉರುಳಿಸಿ ಮಾಡಿದ್ದಲ್ಲ, ಕತ್ತರಿಸಿ ಮಾಡಿದ್ದು. ಈ ಎಂಜಿನ್ನಿನ ಹೆಡ್ಡನ್ನು ಹಿಡಿಯುವ 11 ನಟ್ಟುಗಳಲ್ಲಿ 4 ನಟ್ಟುಗಳು, ಕವಾಟಗಳನ್ನು ತೆರೆಯುವ ರಾಕರ್‌ಗಳನ್ನು ಹೊತ್ತ ರಾಕರ್ ಶಾಫ್ಟಿನ ಆಧಾರಗಳನ್ನೂ ಹಿಡಿದಿರುತ್ತವೆ. ಆ ಸ್ಟಡ್ ಹಿಗ್ಗಿದರೆ ಗ್ಯಾಸ್ಕೆಟ್ಟಿನ ಜೊತೆಗೆ ಟಪೆಟ್ಟಿನ ಅಂತರವೂ (ರಾಕರಿಗೂ ಕವಾಟಕ್ಕೂ ನಡುವೆ ಬಿಡುವ ಜಾಗ) ಕೆಡುತ್ತದೆ. ರಾಕರ್ ಬಿಚ್ಚಲು ಆ ನಾಲ್ಕನ್ನು ಮಾತ್ರ ಸಡಿಲಿಸಿದರೆ ಹೆಡ್ಡು ಸೊಟ್ಟಗಾಗುವ ಭಯ ಇರುವುದರಿಂದ, ರೇಡಿಯೇಟರಿನ ನೀರು ಇಳಿಸಿ ಹೊರಗಿನ ಹೆಡ್ ನಟ್ಟುಗಳನ್ನೂ ಕ್ರಮವಾಗಿ ಸಡಿಲಿಸಬೇಕು. ಇಂಥ ಹೊಣೆಯ ಸ್ಟಡ್‌ಗಳನ್ನು ಅಂಬಾಸಡರಿನ ಅಥವಾ ಎಂಜಿ ಕಾರಿನ ಬಿಡಿಭಾಗಗಳೆಂದೇ ಮಾರುವವರಿಂದ ಕೊಳ್ಳಬೇಕು. ಜೆ.ಸಿ. ರಸ್ತೆಯ ಮೋಟಾರು ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ಹೊಸ ಸ್ಟಡ್‌ಗಳನ್ನು ಬ್ಲಾಕಿಗೆ ಬೆರಳಿನ ಬಿಗಿಯಷ್ಟೇ ಕೂರಿಸಬೇಕು. ರಂಧ್ರದ ಬಾಯಲ್ಲಿ ಮೇಲೆದ್ದ ಲೋಹವಿದ್ದರೆ ಸಣ್ಣಗೆ ಕೆರೆದು ತೆಗೆಯದಿದ್ದರೆ ಹೆಡ್ಡು ಸಮನಾಗಿ ಕೂರುವುದಿಲ್ಲ. ಕನೆಕ್ಟಿಂಗ್ ರಾಡಿನ ಬೋಲ್ಟುಗಳಿಗೂ ಇದೇ ಮಾತು. ಹಾರ್ಡ್‌ವೇರ್ ಅಂಗಡಿಯ ಬೋಲ್ಟು, ಗ್ರೇಡ್ 8 ಇದ್ದರೂ, ಅಲ್ಲಿ ಸಲ್ಲದು. ಆ ಬೋಲ್ಟಿನ ಕಾಂಡದ ಅಳತೆ, ತಲೆಯ ಕೆಳಗಿನ ತಿರುವು, ಪದೇಪದೇ ಬರುವ ಎಳೆತವನ್ನು ತಾಳುವ ಗುಣ, ಮೂರೂ ಬೇರೆ.

ಲಾಕು ಹಾಕುವ ಸಾಧನಗಳಲ್ಲಿ ಸೀಳಿದ ಸ್ಪ್ರಿಂಗ್ ವಾಷರನ್ನು ನಮ್ಮ ಗ್ಯಾರೇಜುಗಳು ಅತಿಯಾಗಿ ನಂಬುತ್ತವೆ. ಬೋಲ್ಟು ಪೂರ್ಣ ಬಿಗಿಯಾಗುವ ಮೊದಲೇ ಆ ವಾಷರು ಚಪ್ಪಟೆಯಾಗಿ, ಅಲ್ಲಿಂದ ಮುಂದೆ ಸಾಧಾರಣ ವಾಷರಿನ ಕೆಲಸವನ್ನಷ್ಟೇ ಮಾಡುತ್ತದೆ. ಬೋಲ್ಟುಗಳು ಸಡಿಲವಾಗುವುದು ಮುಖ್ಯವಾಗಿ ಅಡ್ಡಡ್ಡ ಜಾರಾಟದಿಂದ ಎಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗದಿಂದ ತೋರಿಸಿದರು. ಲಾಕು ಮಾಡುವ ವಿಷಯದಲ್ಲಿ ಈ ವಾಷರು ನಿರುಪಯೋಗಿ ಎಂದು ನಾಸಾ ಸಂಸ್ಥೆಯ 1990ರ ಕೈಪಿಡಿಯೂ ಹೇಳುತ್ತದೆ. ಕಾರ್ಕ್ ಗ್ಯಾಸ್ಕೆಟ್ಟಿನ ಆಯಿಲ್ ಸಂಪಿನಂಥ ಕಡಿಮೆ ಬಿಗಿಯ ಜಾಗದಲ್ಲಿ ಅದು ಇದ್ದರೆ ಹಾನಿಯಿಲ್ಲ. ಅದನ್ನು ನಂಬಿ ಫ್ಲೈವೀಲನ್ನು ಕೂರಿಸಬಾರದು.

ಅದಕ್ಕೆ ಬದಲು ಗೇರ್‌ಬಾಕ್ಸ್ ಹೌಸಿಂಗ್ ಮತ್ತು ಎಂಜಿನ್ ಮೌಂಟಿಂಗ್ ಬೋಲ್ಟುಗಳಿಗೆ ಎರಡು ಹೋಳಿನ ವೆಜ್ ವಾಷರನ್ನು ಬಳಸಿದ್ದೇನೆ. ಅದರ ಒಳಮೈಯ ಇಳಿಜಾರಿನ ಕೋನ ಥ್ರೆಡ್ಡಿನ ಕೋನಕ್ಕಿಂತ ದೊಡ್ಡದಾಗಿರುವುದರಿಂದ ಬೋಲ್ಟು ಹಿಂದಕ್ಕೆ ತಿರುಗಲು ಹೊರಟರೆ ಹೋಳುಗಳು ಒಂದರ ಮೇಲೊಂದು ಏರಿ ಎಳೆತವನ್ನು ಹೆಚ್ಚಿಸುತ್ತವೆ. ಬೆಲೆ ಹೆಚ್ಚು, ಮೇಲ್ಮೈಯಲ್ಲಿ ಹಲ್ಲಿನ ಗುರುತು ಉಳಿಯುತ್ತದೆ, ಕೆಳಗೆ ಸಡಿಲ ಚಪ್ಪಟೆ ವಾಷರಿಟ್ಟರೆ ಕೆಲಸ ಮಾಡುವುದಿಲ್ಲ. ಆದರೂ ಈ ಜಾಗಗಳಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ದೊಡ್ಡ ತುದಿ) ಮತ್ತು ಕ್ಯಾಮ್‌ಶಾಫ್ಟ್ ನಟ್ಟಿನಲ್ಲಿ ತಯಾರಕರು ಕೊಟ್ಟಿದ್ದ ಕಿವಿಯ ವಾಷರುಗಳನ್ನೇ ಉಳಿಸಿಕೊಂಡಿದ್ದೇನೆ. ಅವು ತಿರುಗುವುದನ್ನು ತಡೆಯುತ್ತವೆಯೇ ಹೊರತು ಬಿಗಿಯನ್ನು ಉಳಿಸುವುದಿಲ್ಲ ಎಂಬುದು ನೆನಪಿನಲ್ಲಿರಬೇಕು. ಒಮ್ಮೆ ಮಡಚಿ ಬಿಚ್ಚಿದ ಕಿವಿಯನ್ನು ಮತ್ತೆ ಮಡಚಿದರೆ ಬಿರುಕು ಬಿಟ್ಟು ಎಣ್ಣೆಯೊಳಗೆ ಬೀಳುತ್ತದೆ, ಆದ್ದರಿಂದ ಪ್ರತಿ ಸಲವೂ ಹೊಸದೇ ಆಗಬೇಕು.

ಲಾಕ್‌ಟೈಟ್ 243 ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಅಮೆರಿಕದ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಅಂಟಿನ ವಂಶಕ್ಕೆ ಸೇರಿದ ಇದು ಗಾಳಿಯಿಲ್ಲದ ಕಡೆ, ಲೋಹದ ಸಂಪರ್ಕದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಬಾಟಲಿಯನ್ನು ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಟ್ಟಿರುವುದು ಆ ಕಾರಣಕ್ಕೆ. ನೀಲಿ ಬಣ್ಣದ ಈ ಮಧ್ಯಮ ಬಲದ ಅಂಟು ಅಲ್ಪಸ್ವಲ್ಪ ಎಣ್ಣೆಯ ಅಂಶವನ್ನು ಸಹಿಸುತ್ತದೆ, 180 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಸಾಮಾನ್ಯ ಸ್ಪ್ಯಾನರಿನಿಂದಲೇ ಬಿಚ್ಚಬಹುದು. ಟೈಮಿಂಗ್ ಕವರ್, ವಾಟರ್ ಪಂಪ್ ಮತ್ತು ಕ್ಲಚ್ ಕವರಿನ ಬೋಲ್ಟುಗಳಿಗೆ ಒಂದೆರಡು ಹನಿ ಸಾಕು. ಸ್ಟೇನ್‌ಲೆಸ್ ಮತ್ತು ಸತು ಲೇಪಿಸಿದ ಬೋಲ್ಟುಗಳ ಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ, ಪೂರ್ಣ ಬಲಕ್ಕೆ ಒಂದು ದಿನ ಬಿಡಬೇಕು. ಕೆಂಪು ಬಣ್ಣದ ಗಟ್ಟಿ ಅಂಟನ್ನು ಹಳೆಯ ಎಂಜಿನ್ನಿಗೆ ನಾನು ಶಿಫಾರಸು ಮಾಡುವುದಿಲ್ಲ. ಅದನ್ನು ಬಿಚ್ಚಲು ಸುಮಾರು 250 ಡಿಗ್ರಿಯವರೆಗೆ ಕಾಯಿಸಬೇಕು, ಮುಂದೆ ಬಿಚ್ಚುವವರಿಗೆ ಅದು ಶಿಕ್ಷೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಯಾವ ಅಂಟೂ, ನೈಲಾನ್ ಉಂಗುರದ ನಟ್ಟೂ ಉಳಿಯುವುದಿಲ್ಲ. ನೈಲಾನ್ ಸುಮಾರು 120 ಡಿಗ್ರಿಗೇ ಸೋಲುತ್ತದೆ. ಅಲ್ಲಿ ಹಿತ್ತಾಳೆಯ ನಟ್ಟುಗಳನ್ನು ಹಾಕಿದ್ದೇನೆ. ಉಕ್ಕಿನ ಸ್ಟಡ್ಡಿಗೆ ಅವು ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ, ಅಂಗಡಿಯಲ್ಲಿ ಒಳ್ಳೆಯ ಗುಣಮಟ್ಟದವೇ ಸಿಕ್ಕವು.

ಬೆಲೆಯ ಮಾತು ಹೇಳುವುದಾದರೆ, ಗುರುತಿರುವ ಯುಎನ್‌ಎಫ್ ಬೋಲ್ಟಿಗೆ ಅದೇ ಗಾತ್ರದ ಮೆಟ್ರಿಕ್ ಬೋಲ್ಟಿಗಿಂತ ಹೆಚ್ಚು ಕೊಡಬೇಕು. ಎಂಜಿನ್ನಿನ ಬೋರಿಂಗ್ ಮತ್ತು ಬೇರಿಂಗುಗಳ ಖರ್ಚಿನ ಎದುರು ಅದು ಅಲ್ಪ. ಬಳಸದೆ ಉಳಿದ ಬೋಲ್ಟುಗಳನ್ನು ಬಿಲ್ಲಿನ ಜೊತೆ ತಂದರೆ ಬದಲಿಸಿಕೊಡುತ್ತಾರೆ. ಒಂದು ಸಣ್ಣ ಎಚ್ಚರಿಕೆ: ಯುಎನ್‌ಎಫ್ ಮತ್ತು ಯುಎನ್‌ಸಿ ಎರಡನ್ನೂ ಒಟ್ಟಿಗೆ ಕೊಂಡರೆ ಪೊಟ್ಟಣಗಳ ಮೇಲೆ ಅಳತೆ, ಥ್ರೆಡ್ಡು, ದರ್ಜೆಯನ್ನು ಬರೆಸಿಕೊಳ್ಳಿ, ಏಕೆಂದರೆ ಕೇಳದಿದ್ದರೆ ಅವರು ಬರೆಯುವುದಿಲ್ಲ. ಬೋಲ್ಟು ಆರಿಸುವಾಗ ತಲೆಯವರೆಗೂ ಥ್ರೆಡ್ಡಿರುವುದನ್ನು ಬಿಟ್ಟು, ಎರಡು ಭಾಗಗಳು ಕೂಡುವ ಗೆರೆಯಲ್ಲಿ ನುಣುಪಾದ ಕಾಂಡ ಬರುವಷ್ಟು ಉದ್ದದ್ದನ್ನೇ ಕೇಳಿ. ಅಂಗಡಿಯವರು ಡಬ್ಬ ಹುಡುಕಿ ತೆಗೆದು ಕೊಡುತ್ತಾರೆ, ಬೇಸರಿಸುವುದಿಲ್ಲ.

ಎಂಜಿನ್ನು ಮೊದಲ ಸಲ ಪೂರ್ಣ ಕಾದು ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಕ್ರಮದಲ್ಲಿ ಮತ್ತೆ ಪರೀಕ್ಷಿಸಿದಾಗ ಹೊಸ ಗ್ಯಾಸ್ಕೆಟ್ ತಗ್ಗಿದಷ್ಟು ಮಾತ್ರ ತಿರುಗಿದವು. ಆಮೇಲೆ ಟಪೆಟ್ಟಿನ ಅಂತರವನ್ನು ಹೊಸದಾಗಿ ಹೊಂದಿಸಲಾಯಿತು. ಗೇರ್‌ಬಾಕ್ಸ್ ಹೌಸಿಂಗ್, ಮೌಂಟಿಂಗ್, ವಾಟರ್ ಪಂಪುಗಳ ಬೋಲ್ಟುಗಳ ತಲೆಗೂ ಪಕ್ಕದ ಲೋಹಕ್ಕೂ ಅಡ್ಡಲಾಗಿ ಎಳೆದಿದ್ದ ಹಳದಿ ಬಣ್ಣದ ಗೆರೆಗಳು ಈವರೆಗೆ ಎಲ್ಲಿಯೂ ಕದಲಿಲ್ಲ. ಆಯಿಲ್ ಸಂಪಿನ ಬೋಲ್ಟುಗಳು ಮಾತ್ರ ಕಾರ್ಕ್ ಗ್ಯಾಸ್ಕೆಟ್ ಕುಗ್ಗಿದ್ದರಿಂದ ಒಮ್ಮೆ ಬಿಗಿಸಿಕೊಂಡವು. ಅಲ್ಲಿ ಬಲ ಹಾಕಿದರೆ ಸಂಪಿನ ತಗಡಿನ ಅಂಚು ಬಗ್ಗಿ ಎಣ್ಣೆ ಇನ್ನಷ್ಟು ಸೋರುವುದರಿಂದ, ಗಿಡ್ಡ ಹಿಡಿಯ ಸ್ಪ್ಯಾನರಿನಲ್ಲಿ ಸುತ್ತಲೂ ಸ್ವಲ್ಪಸ್ವಲ್ಪವಾಗಿಯೇ ಬಿಗಿಯಬೇಕು.